ಮುದ್ದೆಗೆ ಥರ್ಮಾಮೀಟರ್ ಚುಚ್ಚಿದವರು

ಹೋದ ವಾರ ಅಡುಗೆಮನೆಯ ಮೇಲಿನ ಶೆಲ್ಫ್ ಒರೆಸುತ್ತಿದ್ದೆ. ಹುಣಸೆಹಣ್ಣಿನ ಮಡಕೆಯ ಹಿಂದೆ ಕೈ ಹಾಕಿದರೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಂದು ಸಿಕ್ಕಿತು. ಒಳಗೆ ಗಾಜಿನ ಥರ್ಮಾಮೀಟರ್. ಜ್ವರ ನೋಡುವಂಥದ್ದಲ್ಲ, ಕಾಲೇಜಿನ ಲ್ಯಾಬಿನಲ್ಲಿ ಇರುತ್ತದಲ್ಲ, ಆ ಉದ್ದದ್ದು. ತುದಿಗೆ ಕಂದು ಬಣ್ಣದ್ದೇನೋ ಒಣಗಿ ಹಿಡಿದುಕೊಂಡಿತ್ತು. ಉಗುರಿನಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದೆ. ರಾಗಿ ವಾಸನೆ ಬಂತೋ, ಬಂದ ಹಾಗಾಯಿತೋ...

ಅವ್ವ ಕೆಳಗಿಂದ ನೋಡಿ, "ಇನ್ನೂ ಅದೆಯಾ ಅದು? ಆಚೆಗ್ ಬಿಸಾಕಮ್ಮಿ" ಅಂದಳು. ನಾನು ಬಿಸಾಕಲಿಲ್ಲ. ಯಾಕೆ ಬಿಸಾಕಬೇಕು? ಒಡೆದಿಲ್ಲ, ಕೆಟ್ಟಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಎತ್ತಬಾರದು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿಕೊಂಡವರ ಹಾಗೆ ಇದ್ದಾರೆ. ನನಗೆ ಮೊದಲಿಂದಲೂ ಈ ಬಾಯಿ ಮುಚ್ಚಿಕೊಂಡಿರುವ ಬುದ್ಧಿ ಆಗಿಬರುವುದಿಲ್ಲ.

ಅದು ನಮ್ಮ ಅತ್ತಿಗೆಯದು. ಈಗಿನ ಅತ್ತಿಗೆಯದಲ್ಲ, ಮೊದಲಿನವರದು.

ಅವರು ಸಂತೆಮರಹಳ್ಳಿ ಕಡೆಯವರು. ಬಿ.ಎಸ್ಸಿ. ಮುಗಿಸಿ ನಮ್ಮ ಭೀಮನಬೀಡಿಗೆ ಸೊಸೆಯಾಗಿ ಬಂದರು. ಬಂದ ಮೇಲೆ ಚಾಮರಾಜನಗರದಲ್ಲಿ ಫಿಸಿಕ್ಸ್ ಎಂ.ಎಸ್ಸಿ.ಗೆ ಸೇರಿದರು. ಅಣ್ಣ ಗುಂಡ್ಲುಪೇಟೆಯ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ, ಉಳಿದ ಹೊತ್ತು ಜಮೀನು ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ಆದರೆ ಆಡಿದ ಮಾತನ್ನು ಬದಲಿಸುವವನೂ ಅಲ್ಲ. "ಎರಡು ವರ್ಷ ಓದ್ಕೊ. ಅದ್ರ ಮೇಲೆ ಕೇಳ್ಬೇಡ" ಅಂದಿದ್ದ. ಅಪ್ಪ ಮಾತ್ರ ಸೊಸೆಯ ಕಡೆ. "ಓದ್ಲಿ ಬುಡ್ಲಾ, ನಿನ್ನ ಗಂಟೇನ್ ಓಯ್ತದೆ?" ಅಂತ ಅಣ್ಣನಿಗೆ ಗದರಿಕೊಂಡಿದ್ದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅತ್ತಿಗೆ ಆರಿಸಿಕೊಂಡದ್ದು, ಬಿಸಿಯಾದ ವಸ್ತು ಹೇಗೆ ತಣ್ಣಗಾಗುತ್ತದೆ ಅನ್ನುವುದನ್ನು. ಉಳಿದವರೆಲ್ಲ ತಾಮ್ರದ ಗುಂಡು, ಬಿಸಿನೀರು ಅಂತ ಹೋದರೆ ಇವರು ರಾಗಿಮುದ್ದೆ ಅಂದರು. ಕಾಲೇಜಿನ ಮೇಷ್ಟ್ರು ನಕ್ಕರಂತೆ. "ಯಾಕೆ ಸಾರ್, ಮುದ್ದೆ ತಣ್ಣಗಾಗಲ್ವಾ?" ಅಂತ ಕೇಳಿ ಒಪ್ಪಿಸಿಕೊಂಡು ಬಂದಿದ್ದರು. ಅಲ್ಲಿಗೆ ನಮ್ಮ ಮನೆಯ ಊಟದ ಕಥೆ ಮುಗಿಯಿತು. ಅವ್ವ ಮುದ್ದೆ ಕಟ್ಟಿ ತಟ್ಟೆಗೆ ಇಟ್ಟ ಕೂಡಲೇ ಅತ್ತಿಗೆ ಅದರ ನಡುವೆ ಥರ್ಮಾಮೀಟರ್ ಚುಚ್ಚಿ ಕೂರುತ್ತಿದ್ದರು. ನಿಮಿಷಕ್ಕೊಮ್ಮೆ ಅವರು ಓದಿ ಹೇಳುವುದು, ನಾನು ಬರೆದುಕೊಳ್ಳುವುದು. ಅಪ್ಪ ಎದುರಿಗೆ ಸೊಪ್ಪಿನ ಸಾರು ಇಟ್ಟುಕೊಂಡು ಕಾಯುತ್ತಿದ್ದ.

"ಆರೋಯ್ತಲ್ಲ ಕೂಸೇ, ಉಣ್ಣಕ್ ಬುಟ್ಟೀಯೋ ಇಲ್ವೋ?"

"ಇನ್ನೊಂಚೂರು ತಡ್ಕೊಳಿ ಮಾವ, ಇನ್ನೊಂಚೂರು."

ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಅತ್ತಿಗೆ ಆ ಕಡೆ ತಿರುಗಿದ್ದಾಗ ಮುದ್ದೆಯ ಮಗ್ಗುಲಿಂದ ಒಂದು ತುತ್ತು ಚಿವುಟಿ ಬಾಯಿಗೆ ಹಾಕಿಕೊಂಡುಬಿಟ್ಟ. ಸಾರೂ ಇಲ್ಲದೆ! ನಾನು ನೋಡಿದೆ, ಸುಮ್ಮನಿದ್ದೆ. ಅಪ್ಪನ ಪರ ವಹಿಸಿಕೊಂಡೆ ಅಂತಿಟ್ಟುಕೊಳ್ಳಿ.

ಬರೆದುಕೊಂಡ ಅಂಕಿಗಳನ್ನು ಅತ್ತಿಗೆಯ ಹಳೇ ಲ್ಯಾಪ್‌ಟಾಪಿನಲ್ಲಿದ್ದ ಒಂದು ಸಾಫ್ಟ್‌ವೇರಿಗೆ ಹಾಕುತ್ತಿದ್ದೆವು. ಕಾಸು ಕೇಳದ ಸಾಫ್ಟ್‌ವೇರ್ ಅದು. ಎಲ್ಲೆಲ್ಲಿಯ ಜನವೋ ಸೇರಿ ಮಾಡಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಬಿಟ್ಟಿದ್ದರು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಬೇರೊಂದು ವಿಂಡೋ ತೆರೆದುಕೊಂಡು ಅದರಲ್ಲಿ ಗ್ರಾಫ್ ಮೂಡುತ್ತಿತ್ತು. ನಾನು ಆಗ ಬಿ.ಕಾಂ. ಹುಡುಗಿ. ಫಿಸಿಕ್ಸ್ ನನಗೆ ಗಂಧಗಾಳಿ ಇಲ್ಲ, ಆದರೂ ಆ ಗೆರೆ ಸರ್ರನೆ ಇಳಿದು ಆಮೇಲೆ ನಿಧಾನವಾಗುವುದನ್ನು ನೋಡುವುದೆಂದರೆ ಖುಷಿ.

ಸೋಮವಾರ ಪ್ರಾಜೆಕ್ಟಿನ ವೈವಾ. ಅದಕ್ಕೆ ಮುಂಚಿನ ಶನಿವಾರ ಅತ್ತಿಗೆ ಕಾಲೇಜಿನಲ್ಲಿ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿ, ಗ್ರಾಫನ್ನು ಗೋಡೆಯ ಮೇಲೆ ಬಿಟ್ಟು ಅಭ್ಯಾಸ ಮಾಡಿ ಬಂದಿದ್ದರು. ಸೋಮವಾರ ಪ್ರೊಜೆಕ್ಟರ್ ಬೇರೆ ವಿಭಾಗದವರಿಗೆ ಬೇಕಂತೆ, ಲ್ಯಾಪ್‌ಟಾಪಿನಲ್ಲೇ ತೋರಿಸಬೇಕಂತೆ. ಸರಿ, ಭಾನುವಾರ ಬೆಳಿಗ್ಗೆ ಇನ್ನೊಂದು ಸಲ ನೋಡೋಣ ಅಂತ ಎಂಟರ್ ಒತ್ತಿದರು. ವಿಂಡೋ ಬರಲಿಲ್ಲ.

ಮತ್ತೆ ಒತ್ತಿದರು. ಊಹ್ಞೂಂ. ಪರದೆಯ ಕೆಳಗಿನ ಪಟ್ಟಿಯಲ್ಲಿ ಗ್ರಾಫಿನ ಪುಟ್ಟ ಗುರುತು ಮಾತ್ರ ಕಾಣುತ್ತಿತ್ತು. ಅದನ್ನು ಒತ್ತಿದರೂ ಏನೂ ಇಲ್ಲ. ತಪ್ಪು ಅಂತಲೂ ಹೇಳದು, ಸರಿ ಅಂತಲೂ ಹೇಳದು. "ಎಲ್ಲಿ ನೋವು ಅಂತಾದ್ರೂ ಬೊಗಳು" ಅಂತ ನಾನು ಲ್ಯಾಪ್‌ಟಾಪಿಗೆ ಬೈದೆ. ಬಂದ್ ಮಾಡಿ ಆನ್ ಮಾಡಿದೆವು. ಸಾಫ್ಟ್‌ವೇರ್ ಅಳಿಸಿ, ಸಿಗ್ನಲ್ ಸಿಗುವ ತಾರಸಿಗೆ ಹೋಗಿ, ನನ್ನ ಮೊಬೈಲಿನ ನೆಟ್‌ನಲ್ಲಿ ಹೊಸದಾಗಿ ಇಳಿಸಿಕೊಂಡೆವು. ಆಗಲೂ ಅದೇ ಹಾಡು. ಅವ್ವ "ದೃಷ್ಟಿ ಆಗದೆ ಕಣಮ್ಮಿ" ಅಂತ ಒಣಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ನಿವಾಳಿಸಿ ಒಲೆಗೆ ಹಾಕಿದಳು. ನಮಗೆಲ್ಲ ಕೆಮ್ಮು ಬಂತೇ ವಿನಾ ಗ್ರಾಫ್ ಬರಲಿಲ್ಲ.

ಅತ್ತಿಗೆಯ ಮುಖ ನೋಡಲಾಗುತ್ತಿರಲಿಲ್ಲ. ಪ್ರಿಂಟ್ ತೆಗೆದುಕೊಂಡು ಹೋದರೆ ಸಾಲದು. ಹೊರಗಿನಿಂದ ಬರುವ ಪರೀಕ್ಷಕರು ಅಂಕಿ ಬದಲಿಸಿ ಅನ್ನುತ್ತಾರೆ, ಅವರ ಕಣ್ಣೆದುರೇ ಗೆರೆ ಎಳೆದು ತೋರಿಸಬೇಕು. ಆಗದಿದ್ದರೆ ಮುಂದಿನ ವರ್ಷ. ಮುಂದಿನ ವರ್ಷ ಅನ್ನುವುದು ಅಣ್ಣನ ಮಾತಿನಲ್ಲಿ ಇರಲೇ ಇಲ್ಲ. ಅವನು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿ, "ಆಗ್ನಿಲ್ಲ ಅಂದ್ರೆ ಬುಟ್ಬುಡು, ಯಾಕ್ ಒದ್ದಾಡ್ತೀಯ" ಅಂದ. ಸಮಾಧಾನಕ್ಕೇ ಅಂದದ್ದು. ಅತ್ತಿಗೆ ಮತ್ತೆ ಎಂಟರ್ ಒತ್ತಿದರು.

ಆ ಸಾಫ್ಟ್‌ವೇರ್ ಬಳಸುವವರು ಕಷ್ಟ ಹೇಳಿಕೊಳ್ಳುವ ಜಾಗವೊಂದು ಇಂಟರ್‌ನೆಟ್ಟಿನಲ್ಲಿತ್ತು. ಅಲ್ಲಿಗೆ ಬರೆಯೋಣ ಅಂದರು. ಬರೆದರು ನೋಡಿ! ಮಾನ್ಯರೇ ಅಂತ ಶುರು, ಕೆಳಗೆ ವಿಷಯ: ವಿಂಡೋ ಕಾಣಿಸದಿರುವ ಬಗ್ಗೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೊನೆಗೆ ತಮ್ಮ ವಿಶ್ವಾಸಿ. ಇಂಗ್ಲಿಷಿನಲ್ಲೇ ಬರೆದದ್ದು, ಆದರೆ ಥೇಟ್ ತಹಸೀಲ್ದಾರರಿಗೆ ಕೊಡುವ ಅರ್ಜಿ. "ಮನೇಲಿ ಎಲ್ರೂ ಕ್ಷೇಮ ಅಂತಾನೂ ಸೇರ್ಸಿ ಅತ್ಗೆ" ಅಂದೆ. "ಸುಮ್ನಿರಮ್ಮಿ, ಕೇಳೋವಾಗ ಮರ್ಯಾದೆಯಿಂದ ಕೇಳ್ಬೇಕು" ಅಂದರು. ಆ ಹೊತ್ತಿನಲ್ಲೂ ಅವರಿಗೆ ಮರ್ಯಾದೆಯದೇ ಚಿಂತೆ.

ಮಧ್ಯಾಹ್ನದ ಊಟದ ಮೇಲೆ ಉತ್ತರ ಬಂತು. ಯಾವ ದೇಶದವರೋ, ಗಂಡಸೋ ಹೆಂಗಸೋ ಗೊತ್ತಿಲ್ಲ. ಮೊದಲು ಒಂದು ಪ್ರಶ್ನೆ: ಈ ಲ್ಯಾಪ್‌ಟಾಪಿಗೆ ಇತ್ತೀಚೆಗೆ ಇನ್ನೊಂದು ಪರದೆ ಜೋಡಿಸಿದ್ದಿರಾ?

ಅತ್ತಿಗೆ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ, ನನ್ ಬುದ್ಧಿಗಷ್ಟು ಬೆಂಕಿ ಹಾಕ!"

ಆದದ್ದಿಷ್ಟೇ. ಶನಿವಾರ ಅವರು ಆ ವಿಂಡೋವನ್ನು ಪ್ರೊಜೆಕ್ಟರಿನ ಕಡೆಗೆ ಎಳೆದಿಟ್ಟಿದ್ದರು. ಪ್ರೊಜೆಕ್ಟರ್ ಬಿಚ್ಚಿಟ್ಟು ಬಂದರೂ ಸಾಫ್ಟ್‌ವೇರ್ ಆ ಜಾಗ ನೆನಪಿಟ್ಟುಕೊಂಡು, ಇಲ್ಲದ ಪರದೆಯ ಮೇಲೆ ಗ್ರಾಫ್ ತೆರೆಯುತ್ತಿತ್ತು. ಅಳಿಸಿ ಹೊಸದು ಹಾಕಿದರೂ ಆ ನೆನಪು ಅಳಿಸಿರಲಿಲ್ಲ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದೆವು. "ನಮ್ಮೆಮ್ಮೆ ಹಂಗೇ ಕಣ" ಅಂದ ಅಪ್ಪ. "ಕೊಟ್ಟಿಗೆ ಕಿತ್ತಾಕಿ ಈಚೆಗೆ ಕಟ್ಟುದ್ರೂ ಅದು ಹಳೇ ಜಾಗಕ್ಕೇ ಓಗಿ ನಿಂತ್ಕತಿತ್ತು."

ಉತ್ತರದಲ್ಲಿ ಹೇಳಿದಂತೆ ಎರಡು ಕೀಲಿ ಒಟ್ಟಿಗೆ ಒತ್ತಿ, ಆಮೇಲೆ ಇನ್ನೊಂದು, ಆಮೇಲೆ ಎಡಗಡೆಯ ಬಾಣದ ಗುರುತನ್ನು ಒತ್ತಿ ಹಿಡಿಯಬೇಕು. ಅತ್ತಿಗೆ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಳ್ಳಿದರು. "ನೀನೇ ಒತ್ತಮ್ಮಿ" ಅಂದರು. ಒತ್ತಿದೆ. ಪರದೆಯ ಬಲಗಡೆಯಿಂದ ಮೊದಲು ಒಂದು ಅಂಚು ಬಂತು, ಆಮೇಲೆ ಅಂಕಿಗಳು, ಆಮೇಲೆ ಗೆರೆ. ಅತ್ತಿಗೆ ಅತ್ತುಬಿಟ್ಟರು. ಅಪ್ಪ ಬಗ್ಗಿ ನೋಡಿದ. ಗೆರೆಯ ನಡುವೆ ಒಂದು ಕಡೆ ಗಕ್ಕನೆ ತಗ್ಗಿತ್ತು. "ಇದ್ಯಾಕ್ ಕೂಸೇ ಇಲ್ಲಿ ಗುಳಿ ಬಿದ್ದದೆ?" ಅಂತ ಕೇಳಿದವನು, ತಾನು ಚಿವುಟಿದ್ದು ನೆನಪಾಗಿ ಎದ್ದು ಹೊರಟೇಬಿಟ್ಟ. ಮಾರನೇ ದಿನ ಪರೀಕ್ಷಕರೂ ಅದನ್ನೇ ಕೇಳಿದರಂತೆ. "ನಮ್ಮ ಮಾವನಿಗೆ ಹಸಿವಾಗಿತ್ತು ಸಾರ್" ಅಂದರಂತೆ ಅತ್ತಿಗೆ. ಒಳ್ಳೇ ಅಂಕ ಬಂತು.

ಆ ಅಂಕದ ಮೇಲೆಯೇ ಅವರಿಗೆ ದೂರದ ಜಿಲ್ಲೆಯೊಂದರ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. "ನಾನ್ ಅಲ್ಲಿಗ್ ಬಂದು ಏನ್ ಮಾಡ್ಲಿ?" ಅಂದ ಅಣ್ಣ. "ನಾನ್ ಇಲ್ಲಿದ್ದು ಏನ್ ಮಾಡ್ಲಿ?" ಅಂದರು ಅತ್ತಿಗೆ. ಜಗಳ ಆಡಿ ಕೂಗಾಡಿದ್ದರೆ ನಡುವೆ ಬಿದ್ದು ಬಿಡಿಸಬಹುದಿತ್ತು. ಇಬ್ಬರದೂ ನ್ಯಾಯವಾದ ಮಾತೇ, ಇಬ್ಬರೂ ಮೆಲ್ಲಗೇ ಆಡಿದರು. ಅವರು ಹೊರಟ ದಿನ ಬಸ್ಸಿನ ತನಕ ಬ್ಯಾಗ್ ಹೊತ್ತುಕೊಂಡು ಹೋದವನು ಅಪ್ಪ. ಆಮೇಲೆ ಕೋರ್ಟು, ಸಹಿ... ಅದೆಲ್ಲ ಬೇಡ.

ಆವತ್ತು ಆ ಗ್ರಾಫ್ ಸಿಗದೇ ಹೋಗಿದ್ದರೆ ಮನೇಲೇ ಇರುತ್ತಿದ್ದಳೋ ಏನೋ ಅಂತ ಅವ್ವ ಒಮ್ಮೆ ಅಂದಳು. ನಾನು ಅವ್ವನ ಮೇಲೆ ಹರಿಹಾಯ್ದೆ. ಆದರೆ ನಿಜ ಹೇಳುತ್ತೇನೆ, ಆ ಯೋಚನೆ ನನಗೂ ಬಂದಿತ್ತು. ಬಾಣದ ಗುರುತು ಒತ್ತಿದ ಬೆರಳು ನನ್ನದೇ ತಾನೆ. ಇವತ್ತು ಹೇಳಿದರೂ ಮತ್ತೆ ಒತ್ತುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ. ಹೋದವರು ಒಂದು ಫೋನ್ ಮಾಡಬಾರದಿತ್ತೇ? ನಾನೂ ಮಾಡಲಿಲ್ಲ ಅನ್ನಿ...

ಮೊನ್ನೆ ಈಗಿನ ಅತ್ತಿಗೆಯ ಕಡೆಯ ನಾಮಕರಣಕ್ಕೆ ಅಂತ ಅವರೂ ನಾನೂ ಕೊಳ್ಳೇಗಾಲದ ಬಸ್ಸಿನಲ್ಲಿ ಹೊರಟಿದ್ದೆವು. ಅವರ ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಒಳ್ಳೆಯವರು, ನನ್ನನ್ನು ಕಂಡರೆ ಅಕ್ಕರೆ. ಸಂತೆಮರಹಳ್ಳಿಯಲ್ಲಿ ಬಸ್ಸು ನಿಂತಾಗ ನೋಡಿದೆ, ಹೂವಿನ ಅಂಗಡಿಯ ಹತ್ತಿರ ಮೊದಲಿನ ಅತ್ತಿಗೆ ನಿಂತಿದ್ದರು. ಸ್ವಲ್ಪ ದಪ್ಪಗಾಗಿದ್ದರು, ಕನ್ನಡಕ ಬಂದಿತ್ತು. ನಾನು ಕಂಬಿ ಹಿಡಿದು ಎದ್ದೇ ನಿಂತೆ. ಬಾಯಿತನಕ ಬಂತು, ಅತ್ಗೆ ಅಂತ. ಕೂಗಿದ್ದರೆ ಪಕ್ಕದಲ್ಲಿದ್ದ ಈಗಿನ ಅತ್ತಿಗೆ ಏನಮ್ಮಿ ಅನ್ನುತ್ತಿದ್ದರು. ಹೆಸರು ಹಿಡಿದು ಕೂಗೋಣ ಅಂದರೆ, ಕೆಳಗಿದ್ದವರನ್ನು ನಾನು ಒಂದು ದಿನವೂ ಹಾಗೆ ಕರೆದವಳಲ್ಲ. ಬಸ್ಸು ಹೊರಟಿತು. ಅವರು ಹೂವಿಗೆ ಚೌಕಾಸಿ ಮಾಡುತ್ತಲೇ ಇದ್ದರು.

"ಯಾರಮ್ಮಿ ಅದು, ಗೊತ್ತಿರೋರಾ?" ಅಂದರು ಅತ್ತಿಗೆ.

"ಹೂಂ" ಅಂದೆ.

"ನಿಂಗೇನಾಗ್ಬೇಕು?"

ಮಗುವಿನ ಮುಖಕ್ಕೆ ಬಿಸಿಲು ಬೀಳುತ್ತಿತ್ತು, ಕೈ ಅಡ್ಡ ಹಿಡಿದೆ.