ವ್ಯಾಕರಣದ ಸೀಟು

ಇಂಗ್ಲಿಷ್ ವ್ಯಾಕರಣ ನನಗೆ ಕೊಟ್ಟದ್ದು ಎರಡೇ: ಒಂದು ಪ್ರೂಫ್ ತಿದ್ದುವ ನೌಕರಿ, ಇನ್ನೊಂದು ಮುಂಬಯಿಗೆ ಹೋಗುವ ಲೋಕಲ್ ರೈಲಿನಲ್ಲಿ ಕೂರಲು ಜಾಗ. ನೌಕರಿ ಯಾರಿಗಾದರೂ ಸಿಕ್ಕೀತು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಹತ್ತಿ ಕೂರಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು.

ನಮ್ಮ ಡಬ್ಬಿಯ ಗುಂಪಿಗೊಂದು ಪದ್ಧತಿಯಿದೆ. ರೈಲು ಹೊರಡುವ ಕಲ್ಯಾಣದಲ್ಲಿ ಹತ್ತಿ ಸೀಟು ಹಿಡಿದವರು ನಡುದಾರಿಯ ಥಾಣೆ ಬಂದೊಡನೆ ಎದ್ದು, ನಿಂತವರಿಗೆ ಜಾಗ ಬಿಡಬೇಕು. ಎಲ್ಲಿಯೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರುವುದಿಲ್ಲ. ನಾನೂ ಥಾಣೆಯವರೆಗೆ ನಿಲ್ಲುತ್ತಿದ್ದವನೇ. ಕಳೆದ ವರ್ಷ ಮಂಡಿಗೆ ಆಪರೇಷನ್ನಾಗಿ ಕೆಲಸಕ್ಕೆ ಮರಳಿದ ದಿನ, ಬ್ಯಾಂಕಿನ ಶೆಟ್ಟರು ಡೊಂಬಿವಲಿಯಲ್ಲೇ ಎದ್ದು ಜಾಗ ಕೊಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ. "ನಾನೇನು ಮುದುಕನೇ?" ಎಂದು ಕಂಬಿ ಹಿಡಿದು ನಿಂತೆ. ಮಂಡಿ ದಾರಿಯುದ್ದಕ್ಕೂ ನನ್ನನ್ನು ಶಪಿಸಿತು.

ದೇವರು ದೊಡ್ಡವನು. ಆ ವಾರವೇ ಶೆಟ್ಟರಿಗೆ ಇಂಗ್ಲಿಷಿನ ಸಂಶಯಗಳು ಶುರುವಾದವು. "ಈ ‘ಲೆಸ್’ ಎಲ್ಲಿ, ‘ಫ್ಯೂವರ್’ ಎಲ್ಲಿ ಮಾರಾಯ್ರೆ? ಕೂತು ಹೇಳಿ, ನಿಂತು ಹೇಳಿದ್ರೆ ನನ್ನ ತಲೆಗೆ ಹೋಗುದಿಲ್ಲ." ಗುರುವಿಗೆ ಆಸನ ಕೊಡುವುದು ನಮ್ಮ ಸಂಸ್ಕೃತಿಯಲ್ಲವೇ? ಕೂತೆ. ಎಣಿಸಲು ಬರುವುದಕ್ಕೆ ಫ್ಯೂವರ್, ಬಾರದ್ದಕ್ಕೆ ಲೆಸ್ ಎಂದೆ. ಹಾಗಾದರೆ ಈ ಡಬ್ಬಿಯ ಜನಕ್ಕೆ ಯಾವುದು ಎಂದು ಪಕ್ಕದವರು ತಕರಾರು ತೆಗೆದರು. ಅಷ್ಟರಲ್ಲಿ ಥಾಣೆ ಬಂತು.

ಮರುದಿನ ಜವಳಿ ಅಂಗಡಿಯ ಪಾಟೀಲರ ಸರದಿ. ವಿಜಯಪುರ ಕಡೆಯ ಈ ಮನುಷ್ಯನಿಗೆ ಕಾಮಾದ ಚಿಂತೆ, ಅಂದರೆ ಅಲ್ಪವಿರಾಮದ್ದು. ತಾಳೆಗರಿಯಲ್ಲಿ ಬರೆದ ನಮ್ಮ ಹಿರಿಯರು ಕಾಮಾದ ಹಂಗಿಲ್ಲದೆ ಕಾವ್ಯ ಬರೆದರು, ಓದುವವನ ಉಸಿರೇ ಅವರಿಗೆ ವಿರಾಮ ಎಂದು ಥಾಣೆಗೆ ಮುಂಚಿನ ಮುಂಬ್ರಾ ದಾಟುವವರೆಗೆ ಕೊರೆದೆ. ಪಾಟೀಲರು ನಿಂತುಕೊಂಡೇ ತಲೆದೂಗಿದರು. ಹೀಗೆ ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಸೀಟು. ನನ್ನ ವಿದ್ವತ್ತಿನ ಮೇಲೆ ನನಗೇ ಗೌರವ ಹೆಚ್ಚಿತು. ಮನೆಯಲ್ಲೂ ಕೊಚ್ಚಿಕೊಂಡೆ. ಹೆಂಡತಿ ಚಪಾತಿ ಲಟ್ಟಿಸುತ್ತಾ, "ಅವರಿಗೆ ಅಷ್ಟು ಪ್ರಶ್ನೆ ಎಲ್ಲಿಂದ ಹುಟ್ತವೆ?" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊನ್ನೆ ಪಾಟೀಲರು ಸೆಮಿಕೋಲನ್ ಯಾಕೆ ಬೇಕೆಂದು ಕೇಳುವಾಗ ಅವರ ಮೊಬೈಲು ಕಣ್ಣಿಗೆ ಬಿತ್ತು. ಅದರಲ್ಲಿ ಆ ಪ್ರಶ್ನೆಯೂ ಇತ್ತು, ಕೆಳಗೆ ಉತ್ತರವೂ ಇತ್ತು. ನಾನು ಹೇಳಬಹುದಾದ್ದಕ್ಕಿಂತ ಚೆನ್ನಾಗಿಯೇ ಇತ್ತು. ನನ್ನ ಮುಖ ಸಪ್ಪಗಾಯಿತು. ಎದ್ದು ನಿಂತೆ.

"ಉತ್ತರ ನಿಮ್ಮ ಕೈಯಲ್ಲೇ ಇದೆಯಲ್ಲ ಪಾಟೀಲರೇ. ಇನ್ನು ನನಗೇಕೆ ಸೀಟು?"

ಶೆಟ್ಟರು ಹೆಗಲು ಹಿಡಿದು ನನ್ನನ್ನು ಕೂರಿಸಿದರು. "ಮಂಡಿ ನೋವಿಗೆ ಜಾಗ ಕೊಟ್ರೆ ನೀವು ಕೂತ್ಕೊಳ್ತೀರಾ ಮಾರಾಯ್ರೆ? ಆವತ್ತು ಎಂಥ ಕೋಪ ಮಾಡಿದ್ದು ನೀವು!"

"ದಿನಾ ಒಂದ್ ಪ್ರಶ್ನಿ ಹುಡುಕೂದರಾಗ ನಮಗ ಸಾಕಾಗೇತ್ರಿ," ಎಂದರು ಪಾಟೀಲರು. "ನಾಳಿಂದ ಸುಮ್ನ ಕುಂದರ್ರಿ ಸರ."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ನನ್ನ ಜಂಬ ಕಾಯಲು ಇಬ್ಬರು ದೊಡ್ಡ ಮನುಷ್ಯರು ವರ್ಷವಿಡೀ ದಡ್ಡರಂತೆ ನಟಿಸಿದ್ದರು.

ಮರುದಿನ ಶೆಟ್ಟರು ಎದ್ದ ಕೂಡಲೇ ಕೂತೆ. ಯಾರೂ ಏನೂ ಕೇಳಲಿಲ್ಲ. ಮಂಡಿಗೆ ಸುಖ, ಬಾಯಿಗೆ ಉಪವಾಸ. ಮುಂಬ್ರಾ ಬರುವಷ್ಟರಲ್ಲಿ ತಡೆಯಲಾಗದೆ, ಶೆಟ್ಟರು ಬರೆಯುತ್ತಿದ್ದ ಮೆಸೇಜಿಗೆ ಇಣುಕಿ, "ಅಲ್ಲೊಂದು ಕಾಮಾ ಬೇಕು" ಎಂದೆ.

"ಸೀಟು ಸಿಕ್ಕಿದ ಮೇಲೂ ಪಾಠವಾ?" ಎಂದು ಶೆಟ್ಟರು ನಕ್ಕರು. ನಕ್ಕು, ಕಾಮಾ ಹಾಕಿದರು.