ಭುಜದೊಳಗಿನ ಮಷಿನ್ನೂ ಮದುವೆ ರೊಟ್ಟಿಯೂ

ಎಡಗೈಯಲ್ಲಿ ಬರೆಯುತ್ತಿದ್ದೇನೆ ಗೆಳತಿಯರೇ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಕ್ಕದ ಮನೆಯ ಮದುವೆಗೆ ಇವತ್ತು ಓಣಿಯ ಹೆಂಗಸರೆಲ್ಲ ಕೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ನನಗೋ ಬಲಗೈಯಿಂದ ಭುಜದ ತನಕ ನರದ ನೋವು. ಅದನ್ನು ತಡೆಯಲೆಂದೇ ಡಾಕ್ಟರು ಭುಜದ ಚರ್ಮದೊಳಗೆ ಸಣ್ಣ ಮಷಿನ್ ಕೂಡಿಸಿ, ಅದರಿಂದ ನರಕ್ಕೊಂದು ತಂತಿ ಎಳೆದಿದ್ದಾರೆ. ಹಾಗಾಗಿ ರೊಟ್ಟಿ ಬೇಯಿಸುತ್ತೇನೆ, ಬಡಿಯಲಾರೆ ಎಂದೆ.

ಓಣಿಗೆಲ್ಲ ಹಿರಿಯರಾದ ನೀಲವ್ವ ಕಾಕು ಬಿಡಬೇಕಲ್ಲ! "ನಮ್ಮ ಕೈಯಾಗ ಬರೇ ಎಲುಬ ಅದಾವು. ನಿನಗ ಮಷಿನ್ ಹಾಕ್ಯಾರ. ಎಲ್ಲಾರಕಿಂತ ನೀನ ಜೋರ ಬಡೀಬೇಕು!"

"ಕಾಕು, ಅದು ನೋವು ತಡ್ಯಾಕ್ರಿ, ಶಕ್ತಿ ಕೊಡಾಕ ಅಲ್ರಿ."

ಯಾರು ಕೇಳುತ್ತಾರೆ? ಹಿಟ್ಟಿನ ಉಂಡೆ ಮುಂದೆ ಬಂತು. ಎರಡು ಏಟು ಬಡಿದದ್ದೇ ತಡ, ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಹರಿಯಿತು. ಒಳಗಿನ ತಂತಿ ಸರಿಯಿತೇನೋ ಎಂದು ಜೀವ ಬಾಯಿಗೆ ಬಂತು. ಗಡಿಬಿಡಿಯಲ್ಲಿ ಸೊಂಟದ ಸಂಚಿಯಿಂದ ಮಷಿನ್ನಿನ ರಿಮೋಟ್ ತೆಗೆದು, ನೋವು ತಗ್ಗಲೆಂದು ಒತ್ತಿದೆ.

ಕಾಕು ಕಣ್ಣರಳಿಸಿದರು. "ನೋಡ್ರವ್ವಾ, ಈಗ ಚಾಲೂ ಮಾಡಿದ್ಲು! ಇಷ್ಟೊತ್ತನಕ ಬಂದ್ ಇಟ್ಕೊಂಡ ಕುಂತಿದ್ಲು!" ಎಂದು ಇನ್ನೊಂದು ಬುಟ್ಟಿ ಹಿಟ್ಟು ನನ್ನ ಕಡೆ ತಳ್ಳಿದರು.

ತಂತಿ ಸರಿದಿದೆಯೋ ಇಲ್ಲವೋ ನಾಳೆ ಹುಬ್ಬಳ್ಳಿಯ ಡಾಕ್ಟರು ನೋಡಿ ಹೇಳಬೇಕು. ಓಣಿಯ ತೀರ್ಪು ಮಾತ್ರ ಇವತ್ತೇ ಬಂದಾಯಿತು: ಮಷಿನ್ ನೆಟ್ಟಗಿದೆಯಂತೆ, ಮೈಗಳ್ಳಿ ನಾನೇ ಅಂತೆ.