ಕಾಫಿ ಗಿಡದ ಚಾಟ್ನಿ

ನಮ್ಮ ಕಡೆ ಕಾಫಿ ಇನ್ನೂ ಪರಸ್ಥಳದ ರುಚಿಯಾಗಿದ್ದ ವರ್ಷಗಳವು. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಬೆಳಗಾದರೆ ಮನೆಮನೆಯಿಂದ ಶುಂಠಿ ಜಜ್ಜಿ ಹಾಕಿದ ಚಹಾದ ವಾಸನೆ ಬರುತ್ತಿತ್ತು. ನನಗೆ ತಿಳಿದಂತೆ ಕಾಫಿ ಕುಡಿಯುತ್ತಿದ್ದವನು ಒಬ್ಬನೇ, ಹೊನವಾಡದಲ್ಲಿದ್ದ ನಮ್ಮ ಅಜ್ಜ. ಹರೆಯದಲ್ಲಿ ದ್ರಾಕ್ಷಿಯ ಲಾರಿಯ ಜೊತೆ ಬೆಂಗಳೂರಿನ ಮಾರುಕಟ್ಟೆಗೆ ಹೋಗಿಬರುತ್ತ ಆ ರುಚಿ ಹಚ್ಚಿಕೊಂಡಿದ್ದ.

"ಜ್ವಾಳ ನಮ್ಮದು, ತೊಗರಿ ನಮ್ಮದು, ಕುಸುಬಿ ಎಣ್ಣಿ ನಮ್ಮದು. ಹಾಲು ಹಿತ್ತಲದಾಗಿನ ಎಮ್ಮೀದು. ಈ ಕಾಫಿ ಪುಡಿ ಒಂದ ಮಂದೀದು ನೋಡ," ಎಂದು ಪ್ರತಿ ಸಲ ಕೊರಗುತ್ತಿದ್ದ. ಸ್ವಂತ ಹೊಲದ ಕಾಫಿಯನ್ನು ಒಮ್ಮೆಯಾದರೂ ಕುಡಿಯಬೇಕೆಂಬುದು ಅವನ ಆಸೆ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಚಿಕ್ಕಮಗಳೂರಿನ ಕಡೆ ಸಾಲಿ ಮಾಸ್ತರನಾಗಿದ್ದ ಕಾಕಿಯ ಅಣ್ಣ ಎರಡು ಕಾಫಿ ಸಸಿ ತಂದುಕೊಟ್ಟ. ಅಜ್ಜ ಒಂದನ್ನು ನನ್ನ ಕೈಗಿತ್ತ, ಇನ್ನೊಂದನ್ನು ಕಾಕಾನ ಮಗಳು ಭಾಗ್ಯಾಳ ಕೈಗೆ. ಅವಳು ನನಗಿಂತ ಒಂದು ವರ್ಷ ಚಿಕ್ಕವಳು.

"ಯಾರ ಗಿಡದ ಕಾಫಿ ಮೊದಲ ಕುಡೀತೀನೋ ನೋಡೂಣು," ಎಂದ.

ನನ್ನದನ್ನು ಪೇಟೆಯ ಮನೆಯ ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಯಲ್ಲಿ ನೆಟ್ಟೆವು. ಮೊದಲ ಬೇಸಿಗೆಗೇ ಅದರ ಎಲೆಗಳು ಸುಟ್ಟ ಹಪ್ಪಳದಂತೆ ಮುರುಟಿ ಉದುರಿದವು. ಭಾಗ್ಯಾಳದು ಹೊನವಾಡದಲ್ಲಿ, ದ್ರಾಕ್ಷಿ ತೋಟದ, ನಮ್ಮ ಮಾತಿನಲ್ಲಿ ಪಡದ, ಅಂಚಿಗೆ, ನುಗ್ಗೆ ಗಿಡಗಳ ನೆರಳಿನಲ್ಲಿ ಬೆಳೆಯಿತು. ಕಾಕಾ ಕಪ್ಪು ಮಣ್ಣನ್ನು ಆಳಕ್ಕೆ ತೋಡಿ, ಕೆಂಪು ಮಣ್ಣು, ಗೊಬ್ಬರ ತುಂಬಿ, ಡ್ರಿಪ್ಪಿನ ಒಂದು ಪೈಪನ್ನು ಅಲ್ಲಿಯ ತನಕ ಎಳೆದಿದ್ದ. ನನ್ನ ಡಬ್ಬಿ ಅದಕ್ಕೆ ಸಾಟಿಯಾಗುವುದು ಹೇಗೆ? ಇದು ಅನ್ಯಾಯ ಎಂದು ನನಗನಿಸಿತ್ತು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಸ್ವಭಾವ ನನಗೆ ಆಗಲೂ ಇರಲಿಲ್ಲ.

ಆರನೆಯ ಇಯತ್ತೆಯ ದಸರಾ ರಜೆಗೆ ಹೊನವಾಡದ ಬಸ್ಸಿನಿಂದಿಳಿದಾಗ ಮೊದಲ ಸಲ ಅಜ್ಜ ನಿಲ್ದಾಣಕ್ಕೆ ಬಂದಿರಲಿಲ್ಲ. ಹೊಲಕ್ಕೆ ಹೋಗಿ ನೋಡಿದರೆ ಧೋತರದ ತುದಿಯಿಂದ ಆ ಗಿಡದ ಎಲೆ ಒರೆಸುತ್ತಿದ್ದ. ಪಕ್ಕದಲ್ಲಿ ಭಾಗ್ಯಾ. ಗಿಡ ನನ್ನ ಎದೆಯುದ್ದ ಬೆಳೆದಿತ್ತು. ಪ್ರತಿ ಗಿಣ್ಣಿನಲ್ಲೂ ಹಸಿರು ಕಾಯಿ ಒತ್ತೊತ್ತಾಗಿ ಕೂತಿದ್ದವು.

"ಬಂದೇನಬೇ? ಇಲ್ಲೆ ನೋಡ, ನಮ್ಮ ಭಾಗ್ಯಾ ಏನ ಮಾಡ್ಯಾಳ!" ಎಂದ ಅಜ್ಜ. ನನ್ನ ಕಡೆ ತಿರುಗದೆಯೇ ಎಂದ.

ರಾತ್ರಿ ರೊಟ್ಟಿ ಬಡಿಯುತ್ತ ಕಾಕಿ ಹೇಳಿದಳು: "ನಿಮ್ಮ ಅಜ್ಜಾರು ಪುಡಿ ತರೂದ ಬಿಟ್ಟಾರ. ಇನ್ನ ಕುಡದ್ರ ಭಾಗ್ಯಾನ ಕಾಫೀನ ಅಂತ! ಮುಂಜಾನೆ ತಲಿ ನೋವಂತ ಹಣಿ ಹಿಡ್ಕೊಂಡ ಕುಂದರ್ತಾರ, ಚಹಾ ಕೊಟ್ರ ಮುಟ್ಟಂಗಿಲ್ಲ."

ನನಗಾಗಿ ಅಜ್ಜ ಯಾವತ್ತೂ ಏನನ್ನೂ ಬಿಟ್ಟಿರಲಿಲ್ಲ.

ಭಾಗ್ಯಾಳಿಗೆ ಇದಾವುದೂ ತಿಳಿಯದು. ಅವಳು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಹುಣಸೆ ಬೀಜ ಹಿಡಿದು ಚೌಕಾಬಾರ ಆಡುವಾಗಲೂ ಪ್ರಶ್ನೆ. ಮಿಂಚುಹುಳ ನುಂಗಿದರೆ ಹೊಟ್ಟೆ ಹೊಳೆಯುತ್ತದೆಯೇ? ಸಮುದ್ರ ಸೊಲ್ಲಾಪುರದಿಂದ ಎಷ್ಟು ದೂರ? ನಾನು ಬಾಯಿಗೆ ಬಂದದ್ದು ಹೇಳಿದರೂ ಅವಳಿಗೆ ಅದೇ ಕೊನೆಯ ಮಾತು. ಯಾರಾದರೂ ಅಲ್ಲವೆಂದರೆ, "ಅಕ್ಕಾ ಹೇಳ್ಯಾಳ," ಎಂದು ಜಗಳಕ್ಕೆ ನಿಲ್ಲುತ್ತಿದ್ದಳು.

ಆ ವಾರ ಪಡದಲ್ಲಿ ಚಾಟ್ನಿ ನಡೆದಿತ್ತು. ದಸರೆಯ ಹೊತ್ತಿಗೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ ಬೋಳು ಮಾಡುತ್ತಾರೆ. ಹೊಸ ಚಿಗುರಿನ ಜೊತೆ ಗೊನೆ ಬರುವುದು ಆಮೇಲೆಯೇ. ಬೆಳಗಿನಿಂದ ಸಂಜೆಯವರೆಗೆ ಕತ್ತರಿಗಳ ಸದ್ದು, ಕಾಲಡಿ ಬಾಡುತ್ತಿರುವ ಎಲೆಗಳ ಒಗರು ವಾಸನೆ.

ಮೂರನೆಯ ದಿನ ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿ ಕೂತಿದ್ದರು. ಭಾಗ್ಯಾ ಗಿಡದ ಮುಂದೆ ನಿಂತು ಕೇಳಿದಳು: "ಅಕ್ಕಾ, ಇದಕ್ಕೂ ಚಾಟ್ನಿ ಮಾಡಬೇಕೇನು? ಕಾಯಿ ಹಣ್ಣ ಆಗವಲ್ವು."

"ಮತ್ತ? ಮಾಡಲಿಲ್ಲಂದ್ರ ಹಂಗ ಹಸರ ಇರ್ತಾವ."

"ಕಾಯಿ ಬಿಟ್ಟಾವಲ್ಲ ಬೇ, ಅವು ಹೋಗ್ತಾವಲ್ಲ?"

"ದ್ರಾಕ್ಷಿ ಎಲ್ಲಾ ಕಡೀತಾರಿಲ್ಲೊ? ಆಮ್ಯಾಲ ಗೊನಿ ಬರಂಗಿಲ್ಲೇನು? ಇವು ಹೋದ್ರ ದೊಡ್ಡವು ಬರ್ತಾವ."

ಕಾಫಿ ಗಿಡದ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ತಪ್ಪಿ ಹೇಳಿದೆ ಎಂದು ಇಂದು ಬರೆಯಬಹುದು. ಸುಳ್ಳಾಗುತ್ತದೆ. ಕಡಿದ ಟೊಂಗೆಯ ಕಾಯಿ ಅಜ್ಜನ ಲೋಟಕ್ಕೆ ಬರುವುದಿಲ್ಲ ಎಂಬಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳು ಆಳೊಬ್ಬಳ ಕತ್ತರಿ ತಂದಳು. ದ್ರಾಕ್ಷಿಗೆ ಮಾಡುವಂತೆಯೇ ಚಿಗುರೊಡೆಯುವ ಕಣ್ಣು ನೋಡಿ ನೋಡಿ, ಅಚ್ಚುಕಟ್ಟಾಗಿ ಕಡಿದಳು. ನಾನು ಒಂದು ಕಾಯಿ ಎತ್ತಿ ಉಗುರಿನಿಂದ ಸೀಳಿದೆ. ಒಳಗೆ ಬೆಳ್ಳಗಿನ ಎರಡು ಬೀಜ, ಲೋಳೆ ಲೋಳೆ. ಮೂಸಿದರೆ ಹಸಿ ಹುಲ್ಲಿನ ವಾಸನೆ.

ಊಟ ಮುಗಿಸಿ ಬಂದ ಕಾಕಾ ಮೊಣಕಾಲೆತ್ತರದ ಬೋಳು ಗಿಡವನ್ನು ನೋಡಿ ಹೌಹಾರಿದ. "ಯಾರ ಹೇಳಿದ್ರಬೇ ನಿನಗ?" ಎಂದು ಭಾಗ್ಯಾಳ ಬೆನ್ನಿಗೆ ಒಂದು ಬಿಟ್ಟ.

ಅವಳು ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಅವಳಿಗೇನು ಕಂಡಿತೋ. ಪ್ರತಿಯೊಂದಕ್ಕೂ ನನ್ನ ಹೆಸರು ಹೇಳುತ್ತಿದ್ದವಳು ಅಂದು ಹೇಳಲಿಲ್ಲ.

"ಯಾರೂ ಹೇಳಿಲ್ಲ. ನಾನ ಮಾಡೀನಿ," ಎಂದಳು.

"ಯಪ್ಪಾ, ನಾಳೆ ನುಗ್ಗಿ ಗಿಡಕ್ಕೂ ಚಾಟ್ನಿ ಮಾಡಸ್ರಿ ಮತ್ತ!" ಎಂದು ಆಳು ಹೆಂಗಸೊಬ್ಬಳು ನಕ್ಕಳು. ಅಷ್ಟರಲ್ಲಿ ಅಜ್ಜ ಬಂದ. ಉದುರಿದ ಕಾಯಿಗಳ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತ. ನಾನು ಕಾದೆ. ಅವನು ಅವಳನ್ನು ಬಯ್ಯಲಿ ಎಂದು ಕಾದೆ.

"ಅಳಬ್ಯಾಡ ಯವ್ವಾ. ಪಡದಾಗ ಬೆಳದಾಕಿ ನೀ, ಕತ್ರಿ ಕಂಡ್ರ ಕೈ ಸುಮ್ಮ ಇರ್ತದೇನು?" ಎಂದು ಅವಳನ್ನು ಹತ್ತಿರಕ್ಕೆಳೆದುಕೊಂಡ.

ಇಷ್ಟು ಮಾಡಿಯೂ ನನಗೆ ಸಿಕ್ಕಿದ್ದು ಅದು: ಅಳುವ ಭಾಗ್ಯಾಳ ತಲೆಯ ಮೇಲೆ ಅಜ್ಜನ ಕೈ. ಆ ಏಟು ನನಗೆ ಬಿದ್ದಿದ್ದರೆ ಆ ಕೈಯೂ ನನ್ನದಾಗುತ್ತಿತ್ತಲ್ಲ ಎಂದುಕೊಂಡೆ. ಆದರೂ ನಿಜ ಹೇಳಲಿಲ್ಲ.

ರಜೆಯ ಉಳಿದ ದಿನಗಳಲ್ಲಿ ಭಾಗ್ಯಾ ನನ್ನೊಡನೆ ಮುನಿಸಿಕೊಳ್ಳಲಿಲ್ಲ. ಆಟಕ್ಕೆ ಬಂದಳು, ತಟ್ಟೆಗೆ ಮೊಸರು ಹಾಕಿದಳು. ಪ್ರಶ್ನೆ ಮಾತ್ರ ಕೇಳಲಿಲ್ಲ.

ಗಿಡ ಸಾಯಲಿಲ್ಲ. ಬುಡದಿಂದ ಚಿಗುರೊಡೆದು ಮತ್ತೆ ಕಾಯಿ ಬಿಡಲು ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟೂ ದಿನ ಅಜ್ಜ ಕಾಫಿ ಮುಟ್ಟಲಿಲ್ಲ. ಹಣ್ಣನ್ನು ಒಣದ್ರಾಕ್ಷಿಯ ಶೆಡ್ಡಿನ ಬಲೆಯ ಮೇಲೆ ಒಣಗಿಸಿ, ಕುಟ್ಟಿ ಸಿಪ್ಪೆ ತೆಗೆದು, ಕಾಕಿ ಕಬ್ಬಿಣದ ಬಾಣಲೆಯಲ್ಲಿ ಹುರಿದಳಂತೆ. ಮನೆಯೆಲ್ಲ ಹೊಗೆಯಂತೆ. ಬಾ ಎಂದು ಹೇಳಿ ಕಳಿಸಿದ್ದರು. ನಾನು ಪರೀಕ್ಷೆ ಇದೆ ಎಂದೆ. ಹಾಗಾಗಿ ಆ ಮೊದಲ ಗುಟುಕಿಗೆ ಅಜ್ಜನ ಮುಖ ಹೇಗಾಯಿತೆಂದು ನನಗೆ ಗೊತ್ತಿಲ್ಲ. ಈಗ ಅಜ್ಜನಿಲ್ಲ. ಭಾಗ್ಯಾಳನ್ನು ಕೇಳಬೇಕು, ಕೇಳಲಾರೆ.

ನಾನೀಗ ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಭಾಗ್ಯಾ ಹೊನವಾಡದಲ್ಲೇ ಕಾಕಾನೊಡನೆ ಪಡ ನೋಡಿಕೊಳ್ಳುತ್ತಾಳೆ. ನುಗ್ಗೆಯ ಸಾಲಿನುದ್ದಕ್ಕೂ ಈಗ ಕಾಫಿ ಗಿಡಗಳಿವೆ. ಆ ಮನೆಗೆ ಅಂಗಡಿಯ ಪುಡಿ ಬರುವುದಿಲ್ಲ. ಹೋದ ಚಳಿಗಾಲದಲ್ಲಿ ಅವಳು ಕೊಟ್ಟ ಕಾಫಿ ಹಿಡಿದು ಗಿಡಗಳ ನಡುವೆ ನಿಂತಿದ್ದೆ. ಒಳಗೆಲ್ಲ ಟೊಂಗೆ ಹೆಣೆದುಕೊಂಡು ಗಾಳಿಯಾಡದಂತಾಗಿತ್ತು.

"ಹಣ್ಣು ಬಿಡಿಸಿದ ಮ್ಯಾಲ ಒಳಗಿನ ಟೊಂಗಿ ತಗಸ ಭಾಗ್ಯಾ," ಎಂದೆ.

ಅವಳು ನಗುತ್ತಲೇ ಕೇಳಿಸಿಕೊಂಡು, ಪಡದೊಳಗಿದ್ದ ಕಾಕಾನನ್ನು ಕೂಗಿದಳು. "ಯಪ್ಪಾ, ಅಕ್ಕಾ ಹಿಂಗಂತಾಳ. ಹೌದೇನು?"

"ಹೌದ," ಎಂದ ಕಾಕಾ, ತಲೆಯೆತ್ತದೆ.

ಅಪ್ಪನ ಆ ಒಂದು ಮಾತಿಗೆ ಅವಳು ಮರುಮಾತಿಲ್ಲದೆ ತಲೆಯಾಡಿಸಿದಳು. ಶಾಲೆಯ ಮೆಟ್ಟಿಲನ್ನೂ ನೆಟ್ಟಗೆ ಹತ್ತದ ಕಾಕಾನನ್ನು ಕಂಡು, ಲೋಟ ಹಿಡಿದು ನಿಂತಲ್ಲಿಯೇ, ನನಗೆ ಹೊಟ್ಟೆಕಿಚ್ಚಾಯಿತು.